ಉಂಡ ಮನೆಯನ್ನೇ ಉಣ್ಣುವ ಅತಿಥಿ

ಉಂಡ ಮನೆಯ ಜಂತಿ ಎಣಿಸಬಾರದೆಂಬುದು ಹಿರಿಯರ ಮಾತು. ಅನ್ನವಿಕ್ಕಿದ ಮನೆಯ ಮಾಡನ್ನು ತಲೆಯೆತ್ತಿ ಎಣಿಸುವುದೇ ತಪ್ಪೆಂದಾದರೆ, ಆ ಮನೆಯ ಗೋಡೆಯನ್ನೇ ಕೆರೆದು ತಿನ್ನುವವನನ್ನು ಏನೆಂದು ಕರೆಯಬೇಕು? ಮನುಷ್ಯರಲ್ಲಿ ಅಂಥವನೊಬ್ಬನಿದ್ದರೆ ಕೃತಘ್ನನೆಂಬ ಹೆಸರು ಅವನಿಗೆ ತಪ್ಪದು. ಆದರೆ ಬೆಚ್ಚನೆಯ ಕಡಲುಗಳ ತಳದಲ್ಲಿ, ಇದನ್ನೇ ಜೀವನಧರ್ಮವನ್ನಾಗಿ ಮಾಡಿಕೊಂಡಿರುವ ಒಂದು ಪುಟ್ಟ ಪ್ರಾಣಿಯುಂಟು. ಅದು ಹುಟ್ಟುವುದು ಹವಳದ ಮಗ್ಗುಲಲ್ಲಿ. ಬೆಳೆಯುವುದು ಹವಳದ ಮೇಲೆ. ಹಗಲೆಲ್ಲ ಅಡಗಿರುವುದು ಹವಳದ ಅಡಿಯಲ್ಲಿ. ಇರುಳಾದೊಡನೆ ಎದ್ದು ಉಣ್ಣುವುದೂ ಆ ಹವಳವನ್ನೇ. ಬೇರೆ ಯಾವ ಆಹಾರವನ್ನೂ ಅದು ಮೂಸಿ ನೋಡುವುದಿಲ್ಲ. ಪ್ರಾಣಿಶಾಸ್ತ್ರಜ್ಞರು ಅದಕ್ಕೆ ಫೆಸ್ಟಿಲ್ಲ ಸಿಬೋಗೆ ಎಂದು ಹೆಸರಿಟ್ಟಿದ್ದಾರೆ.

ಇಂತಹ ಪ್ರಾಣಿಯನ್ನು ಹವಳದ ವೈರಿಯೆಂದು ಬಗೆದು ದೂಷಿಸುವುದು ಸುಲಭ. ಗಾಜಿನ ತೊಟ್ಟಿಗಳಲ್ಲಿ ಹವಳ ಸಾಕುವವರು ಅದರ ಬಂಧುಗಳನ್ನು ಹಾಗೆಯೆ ದೂಷಿಸುತ್ತಾರೆ. ಅವರ ದೂರು ಸುಳ್ಳೂ ಅಲ್ಲ. ಆದರೆ ಅದೇ ಪ್ರಾಣಿ ತನ್ನ ತವರಾದ ಕಡಲಿನಲ್ಲಿ ಯಾವ ಮನೆಯನ್ನೂ ಹಾಳು ಮಾಡಿದಂತೆ ಕಾಣುವುದಿಲ್ಲ. ಒಂದೆಡೆ ಮಾರಿಯಾದುದು ಇನ್ನೊಂದೆಡೆ ಮರ್ಯಾದಸ್ಥ ಅತಿಥಿಯಾಗಿ ಬಾಳುವುದು ಹೇಗೆ? ಈ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಮೊದಲು ಮನೆಯನ್ನು ನೋಡಬೇಕು, ಬಳಿಕ ಅತಿಥಿಯನ್ನು.

ಹವಳವೆಂಬ ಮನೆ

ಹವಳವೆಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ಅಜ್ಜಿಯ ಕೊರಳಿನ ಕೆಂಪು ಮಣಿಸರ. ನವರತ್ನಗಳ ಸಾಲಿನಲ್ಲಿ ಕುಳಿತಿರುವ ಆ ಕೆಂಪು ಹವಳ ಬಹುಕಾಲದಿಂದ ಮೆಡಿಟರೇನಿಯನ್ ಸಮುದ್ರದಿಂದ ಬಂದ ಸರಕು. ಇಲ್ಲಿ ಹೇಳಹೊರಟಿರುವುದು ಅದರ ದೂರದ ನಂಟರಾದ, ಕಡಲಿನಲ್ಲಿ ದಿಬ್ಬಗಳನ್ನೂ ದ್ವೀಪಗಳನ್ನೂ ಕಟ್ಟುವ ಹವಳಗಳನ್ನು ಕುರಿತು. ಲಕ್ಷದ್ವೀಪ ನಿಂತಿರುವುದು ಇಂತಹ ಹವಳದ ಮೇಲೆ. ಅಂಡಮಾನ್, ಮನ್ನಾರ್ ಕೊಲ್ಲಿ, ಕಚ್ಛ್ ಕೊಲ್ಲಿಗಳಲ್ಲಿಯೂ ಹವಳದ ದಿಬ್ಬಗಳುಂಟು. ಮುರ್ಡೇಶ್ವರದ ದಡದಿಂದ ಕಾಣುವ ನೇತ್ರಾಣಿ ದ್ವೀಪದ ಸುತ್ತಣ ನೀರಿನಲ್ಲಿಯೂ ಹವಳಗಳು ಬೆಳೆದಿವೆ.

ಕಲ್ಲಿನಂತೆ ತೋರುವ ಈ ಹವಳ ನಿಜವಾಗಿ ಸಾವಿರಾರು ಸಣ್ಣ ಪ್ರಾಣಿಗಳ ಕೂಡುಕುಟುಂಬ. ಒಂದೊಂದು ಪ್ರಾಣಿಯೂ ಬಾಯಿಯ ಸುತ್ತ ಬೆರಳಿನಂತಹ ಎಳೆಗಳನ್ನು ಹರಡಿಕೊಂಡ ಪುಟ್ಟ ಚೀಲ. ಅದು ಸಮುದ್ರದ ನೀರಿನಿಂದ ಸುಣ್ಣವನ್ನು ಹೀರಿ ತನ್ನ ಅಡಿಯಲ್ಲಿ ಕಲ್ಲಿನ ಬಟ್ಟಲೊಂದನ್ನು ಕಟ್ಟಿಕೊಳ್ಳುತ್ತದೆ. ಒಂದರ ಮಗ್ಗುಲಲ್ಲಿ ಇನ್ನೊಂದು, ಅದರ ಮಗ್ಗುಲಲ್ಲಿ ಮತ್ತೊಂದು ಹೀಗೆ ಹುಟ್ಟುತ್ತ ಹೋದಂತೆ ಕಲ್ಲು ಬೆಳೆಯುತ್ತದೆ. ಕಲ್ಲಿನ ಮೇಲೆ ಬಟ್ಟೆ ಹೊದಿಸಿದಂತೆ ಜೀವದ ತೆಳುವಾದ ಪದರ ಹಬ್ಬಿರುತ್ತದೆ. ಆ ಪದರದ ಒಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಗಳು ಬಾಡಿಗೆಗಿರುತ್ತವೆ. ಬಿಸಿಲನ್ನು ಬಳಸಿ ತಾವು ತಯಾರಿಸಿದ ಆಹಾರದಲ್ಲಿ ದೊಡ್ಡ ಪಾಲನ್ನು ಆ ಪಾಚಿಗಳು ಮನೆಯೊಡೆಯನಿಗೆ ಬಾಡಿಗೆಯೆಂದು ಸಲ್ಲಿಸುತ್ತವೆ. ಹವಳದ ಕಂದು ಹಸುರು ಬಣ್ಣ ಬಹುಮಟ್ಟಿಗೆ ಈ ಬಾಡಿಗೆದಾರರದು.

ಹವಳಗಳಲ್ಲಿ ನೂರಾರು ಜಾತಿಗಳುಂಟು. ಪೊರೈಟಿಸ್ ಎಂಬುದು ಅವುಗಳಲ್ಲಿ ಒಂದು ಪಂಗಡ. ಅದರ ಒಂದೊಂದು ಪ್ರಾಣಿಯ ಬಟ್ಟಲು ಸಾಸಿವೆಕಾಳಿನಷ್ಟು ಕಿರಿದಾದರೂ, ಇವು ಕೂಡಿ ಕಟ್ಟಿದ ಕೆಲವು ಬಂಡೆಗಳು ಶತಮಾನಗಳನ್ನು ಕಂಡಿವೆ. ಪೆಸಿಫಿಕ್ ಮಹಾಸಾಗರದ ನಡುವಣ ಹವಾಯಿ ದ್ವೀಪಗಳಲ್ಲಿ, ಓಆಹು ದ್ವೀಪದ ಕನೇಓಹೆ ಕೊಲ್ಲಿಯಲ್ಲಿ, ಪೊರೈಟಿಸ್ ಕಂಪ್ರೆಸ ಎಂಬ ಹವಳ ಹೇರಳವಾಗಿ ಬೆಳೆದಿದೆ. ನೆಟ್ಟಗೆ ಮೇಲೆದ್ದ ಕೈಬೆರಳುಗಳ ಗೊಂಚಲಿನಂತೆ ತೋರುವುದರಿಂದ ಅಲ್ಲಿನವರು ಅದನ್ನು ಬೆರಳುಹವಳವೆಂದು ಕರೆಯುತ್ತಾರೆ. ಈ ಬೆರಳುಗಳ ಸಂದಿಗೊಂದಿಗಳೇ ನಮ್ಮ ಅತಿಥಿಯ ವಾಸಸ್ಥಾನ.

ಅತಿಥಿಯ ಗುರುತು

ಮಳೆಗಾಲದಲ್ಲಿ ಹಿತ್ತಿಲಿನ ಗೋಡೆಯ ಮೇಲೆ ಹರಿಯುವ ಬಸವನಹುಳುವನ್ನು ನೋಡದ ಮಕ್ಕಳಿಲ್ಲ. ಅದರ ಬೆನ್ನಿನ ಚಿಪ್ಪನ್ನು ತೆಗೆದುಹಾಕಿದರೆ ಉಳಿಯುವ ಮೆತ್ತನೆಯ ದೇಹವನ್ನು ಊಹಿಸಿಕೊಳ್ಳಬಹುದು. ಕಡಲಿನಲ್ಲಿ ಹೀಗೆ ಚಿಪ್ಪನ್ನು ತೊರೆದು ಬಾಳುವ ಬಸವನಹುಳುಗಳ ದೊಡ್ಡದೊಂದು ವರ್ಗವೇ ಇದೆ. ಅವುಗಳಲ್ಲಿ ಹಲವು ಕಣ್ಣು ಕೋರೈಸುವಂತಹ ಬಣ್ಣಗಳನ್ನು ತಳೆದು, ಕಡಲಾಳದ ಹೂಗಳೆಂಬ ಭ್ರಮೆ ಹುಟ್ಟಿಸುತ್ತವೆ. ಫೆಸ್ಟಿಲ್ಲ ಅದೇ ವರ್ಗಕ್ಕೆ ಸೇರಿದುದಾದರೂ ಈ ಆಡಂಬರವನ್ನು ಅದು ಒಲ್ಲದು. ಮೂರು ನಾಲ್ಕು ಸೆಂಟಿಮೀಟರು ಉದ್ದದ, ಮಾಸಲು ಬಿಳುಪು ಅಥವಾ ಕಂದು ಬಣ್ಣದ ಮೈ. ಬೆನ್ನಿನ ಇಕ್ಕೆಲಗಳಲ್ಲಿ ಗಂಟುಗಂಟಾದ ಮಾಂಸದ ಬೆರಳುಗಳ ಸಾಲು. ಹವಳದ ಮೇಲೆ ಕುಳಿತಾಗ ಆ ಬೆರಳುಗಳು ಹವಳಪ್ರಾಣಿಯ ಎಳೆಗಳಂತೆಯೇ ತೋರುತ್ತವೆ. ಕೈಯಲ್ಲಿ ಹವಳವನ್ನು ಹಿಡಿದು ಹುಡುಕಿದರೂ ಹುಳು ಕಣ್ಣಿಗೆ ಬೀಳದೆ ಹೋಗುವುದುಂಟು.

ಅದರ ಹೆಸರಿನ ಹಿಂದೆ ಒಂದು ಹಡಗಿನ ಕಥೆಯಿದೆ. ಇಂದಿನ ಇಂಡೊನೇಷ್ಯ ಡಚ್ಚರ ಆಳ್ವಿಕೆಯಲ್ಲಿದ್ದಾಗ, 1899ರಲ್ಲಿ, ಅಲ್ಲಿನ ಕಡಲುಗಳ ಜೀವರಾಶಿಯನ್ನು ಶೋಧಿಸಲು ಸಿಬೋಗ ಎಂಬ ಹಡಗು ಹೊರಟಿತು. ಮ್ಯಾಕ್ಸ್ ವೇಬರ್ ಎಂಬ ಪ್ರಾಣಿಶಾಸ್ತ್ರಜ್ಞ ಆ ಯಾತ್ರೆಯ ಮುಖಂಡ. 1900ರಲ್ಲಿ ಯಾತ್ರೆ ಮುಗಿದಾಗ ಜಾಡಿಗಳಲ್ಲಿ ಸಂಗ್ರಹವಾಗಿದ್ದ ಜೀವಿಗಳನ್ನು ಆಯಾ ವಿಷಯದ ಪಂಡಿತರಿಗೆ ಹಂಚಲಾಯಿತು. ಚಿಪ್ಪಿಲ್ಲದ ಬಸವನಹುಳುಗಳ ಪಾಲು ಬಂದುದು ಕೋಪನ್‌ಹೇಗನ್ ನಗರದ ರುಡಾಲ್ಫ್ ಬರ್ಗ್ ಎಂಬಾತನಿಗೆ. ಆತ ವೃತ್ತಿಯಿಂದ ವೈದ್ಯ. ಕಡಲ ಹುಳುಗಳು ಅವನ ಬಿಡುವಿನ ವೇಳೆಯ ಗೀಳು. 1905ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆ ವೃದ್ಧ ವೈದ್ಯ ಈ ಜೀವಿಯನ್ನು ವರ್ಣಿಸಿ, ಹಡಗಿನ ಹೆಸರನ್ನೇ ಅದಕ್ಕೆ ಉಳಿಸಿದ.

ಹವಳವನ್ನು ತಿನ್ನುವುದು ಸಾಮಾನ್ಯದ ಕೆಲಸವಲ್ಲ. ಹವಳಪ್ರಾಣಿಯ ಎಳೆಗಳಲ್ಲಿ ಸಾವಿರಾರು ಕುಟುಕುಕಣಗಳು ಹುದುಗಿರುತ್ತವೆ. ಮುಟ್ಟಿದವರ ಮೈಗೆ ವಿಷದ ಸೂಜಿಗಳನ್ನು ಚಿಮ್ಮುವುದು ಅವುಗಳ ಕೆಲಸ. ಫೆಸ್ಟಿಲ್ಲದ ಹತ್ತಿರದ ಬಂಧುಗಳಾದ ಹಲವು ಹುಳುಗಳು ಈ ವಿಷಯದಲ್ಲಿ ಒಂದು ಸೋಜಿಗದ ಚಮತ್ಕಾರವನ್ನು ಮಾಡುತ್ತವೆ. ತಾವು ನುಂಗಿದ ಪ್ರಾಣಿಯ ಕುಟುಕುಕಣಗಳನ್ನು ಕೆಡಿಸದೆ ಸಾಗಿಸಿ, ತಮ್ಮ ಬೆನ್ನಿನ ಬೆರಳುಗಳ ತುದಿಯಲ್ಲಿ ಕೂಡಿಟ್ಟು, ಶತ್ರುವಿನ ಮೇಲೆ ಪ್ರಯೋಗಿಸುತ್ತವೆ. ಕದ್ದ ಬತ್ತಳಿಕೆಯಿಂದ ಕಾದಾಡುವ ವೀರರು ಅವು! ಫೆಸ್ಟಿಲ್ಲಕ್ಕೆ ಆ ಭಾಗ್ಯವಿಲ್ಲ. ಆಯುಧವನ್ನು ಕೂಡಿಡುವ ಚೀಲಗಳು ಅದರ ಬೆರಳುಗಳಲ್ಲಿ ಇಲ್ಲ. ಚಿಪ್ಪನ್ನು ತೊರೆದ, ಬಾಣವಿಲ್ಲದ, ನಿಧಾನವಾಗಿ ಹರಿಯುವ ಈ ಜೀವಿಗೆ ಉಳಿದ ದಾರಿಯೆಂದರೆ ವೇಷ. ಮನೆಯವರಂತೆಯೇ ಉಡುಪು ತೊಟ್ಟು ಮನೆಯ ಮೂಲೆಯಲ್ಲಿ ಅಡಗಿ, ಕತ್ತಲಾದ ಮೇಲೆ ಊಟಕ್ಕೆ ಏಳುವುದು. ಅದು ಉಂಡೆದ್ದ ಜಾಗದಲ್ಲಿ ಜೀವದ ಪದರವೆಲ್ಲ ಹೋಗಿ ಸುಣ್ಣದ ಬೆತ್ತಲೆ ಎಲುಬು ಬಿಳುಪಾಗಿ ಉಳಿಯುತ್ತದೆ.

ಮೊಟ್ಟೆಯಿಂದ ಕಡಲಿಗೆ

ಈ ಹುಳುಗಳಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಪ್ರತಿಯೊಂದರಲ್ಲಿಯೂ ಎರಡೂ ಅಂಗಗಳಿರುತ್ತವೆ. ಎರಡು ಹುಳುಗಳು ಕೂಡಿದ ಬಳಿಕ ಎರಡೂ ಮೊಟ್ಟೆಯಿಡಬಲ್ಲವು. ಹವಳದ ಅಡಿಬದಿಯಲ್ಲಿ, ಬೆಳಕು ಬೀಳದೆಡೆ, ಅಂಟಿನಂತಹ ಬಿಳಿಯ ಪಟ್ಟಿಯೊಂದನ್ನು ಸುರುಳಿಯಾಗಿ ಅವು ಅಂಟಿಸುತ್ತವೆ. ಆ ಪಟ್ಟಿಯೊಳಗೆ ಸಾವಿರಾರು ಮೊಟ್ಟೆಗಳು. ಸುಮಾರು ಒಂದು ವಾರದಲ್ಲಿ ಮೊಟ್ಟೆಯೊಡೆದು ಮರಿಗಳು ನೀರಿಗಿಳಿಯುತ್ತವೆ.

ಈ ಮರಿಯನ್ನು ನೋಡಿದವರು ಅದು ಫೆಸ್ಟಿಲ್ಲದ ಸಂತಾನವೆಂದು ಹೇಳಲಾರರು. ತಾಯಿಗಿಲ್ಲದ ಚಿಪ್ಪು ಮಗುವಿಗಿದೆ! ಕಾಲು ಮಿಲಿಮೀಟರಿನಷ್ಟಿರುವ ಮೈಗೆ ಗಾಜಿನಂತೆ ಪಾರದರ್ಶಕವಾದ ಒಂದು ಚಿಪ್ಪು. ಚಿಪ್ಪಿನ ಬಾಯಿಗೆ ಒಂದು ಮುಚ್ಚಳ. ತಲೆಯ ಎರಡು ಪಕ್ಕಗಳಲ್ಲಿ ಅಂಚಿನ ಉದ್ದಕ್ಕೂ ಸೂಕ್ಷ್ಮರೋಮಗಳಿರುವ ಎರಡು ರೆಕ್ಕೆಗಳು. ಆ ರೋಮಗಳನ್ನು ಬಡಿಯುತ್ತ ಮರಿ ಈಜುತ್ತದೆ. ಬುತ್ತಿಯನ್ನು ತಾಯಿ ಮೊಟ್ಟೆಯಲ್ಲಿಯೇ ಕಟ್ಟಿಕೊಟ್ಟಿರುವುದರಿಂದ ಮೊದಲ ದಿನಗಳಲ್ಲಿ ಅದಕ್ಕೆ ಆಹಾರದ ಚಿಂತೆಯಿಲ್ಲ. ನೆಲದ ಮೇಲಿನ ಬಸವನಹುಳುಗಳಿಗೂ ಈ ಬೋಳು ಹುಳುವಿಗೂ ಇರುವ ನೆಂಟತನಕ್ಕೆ ಈ ಬಾಲ್ಯದ ಚಿಪ್ಪೇ ಸಾಕ್ಷಿ. ವಂಶದ ಹಳೆಯ ನೆನಪೊಂದು ಮಗುವಿನ ಮೈಮೇಲೆ ಕೆಲವು ದಿನ ಉಳಿದು ಮಾಯವಾಗುತ್ತದೆ.

ಮೊಟ್ಟೆಯೊಡೆದು ಎರಡು ಮೂರು ದಿನಗಳಲ್ಲಿ ಮರಿ ದೊಡ್ಡದಾಗಲು ಸಿದ್ಧವಾಗುತ್ತದೆ. ಆಗಲೇ ಅದರ ಬಾಳಿನ ನಿಜವಾದ ಕಷ್ಟ ಮೊದಲಾಗುವುದು. ಅಲೆಗಳ ನಡುವೆ ತೇಲುತ್ತಿರುವ ಆ ಕಣದಷ್ಟು ಜೀವಿ ನೆಲೆ ನಿಲ್ಲಬೇಕಾದುದು ಪೊರೈಟಿಸ್ ಹವಳದ ಮೇಲೆ ಮಾತ್ರ. ಮರಳಿನ ಮೇಲೆ ಇಳಿದರೆ ಸಾವು. ಬೇರೊಂದು ಜಾತಿಯ ಹವಳದ ಮೇಲೆ ಇಳಿದರೂ ಉಪವಾಸ. ಕತ್ತಲೆಯಲ್ಲಿ, ದಿಕ್ಕು ತಪ್ಪಿಸುವ ನೀರಿನಲ್ಲಿ, ಗುರುತು ಹೇಳುವವರಿಲ್ಲದ ಊರಿನಲ್ಲಿ ತನ್ನ ಮನೆ ಯಾವುದೆಂದು ಅದು ತಿಳಿಯುವ ಬಗೆ ಹೇಗೆ?

ವಾಸನೆಯ ಹಾದಿ

ಹವಾಯಿ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮೈಕೇಲ್ ಹ್ಯಾಡ್‌ಫೀಲ್ಡ್ ತಮ್ಮ ದೀರ್ಘ ಸಂಶೋಧನಾ ಜೀವನದ ಬಹುಭಾಗವನ್ನು ಈ ಒಂದು ಪ್ರಶ್ನೆಗೆ ಮೀಸಲಿಟ್ಟರು. ಹೊನಲುಲು ನಗರದ ಕಡಲಂಚಿನಲ್ಲಿ ಆ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕೆವಾಲೊ ಪ್ರಯೋಗಶಾಲೆಯಲ್ಲಿ ಅವರೂ ಅವರ ಶಿಷ್ಯರೂ ಫೆಸ್ಟಿಲ್ಲವನ್ನು ಪೀಳಿಗೆಯಿಂದ ಪೀಳಿಗೆಗೆ ಸಾಕಿದರು. ಮೊಟ್ಟೆಯಿಂದ ಮೊಟ್ಟೆಗೆ ಒಂದು ಪೀಳಿಗೆ ಸಾಗಲು ಎರಡು ತಿಂಗಳೂ ಬೇಕಿಲ್ಲವಾದುದರಿಂದ ಪ್ರಯೋಗಕ್ಕೆ ಇದು ಅನುಕೂಲವಾದ ಪ್ರಾಣಿಯಾಯಿತು.

ಮೊದಲು ತಿಳಿದುಬಂದ ಸಂಗತಿ ಇದು: ಮರಿಗೆ ಹವಳವನ್ನು ಮುಟ್ಟಿಸಬೇಕಾಗಿಯೇ ಇಲ್ಲ. ಜೀವಂತ ಪೊರೈಟಿಸ್ ಇದ್ದ ನೀರನ್ನು ಸೋಸಿ ಮರಿಗಳಿರುವ ಬಟ್ಟಲಿಗೆ ಸುರಿದರೆ ಸಾಕು, ಹವಳವನ್ನು ಕಾಣದೆಯೆ ಅವು ರೂಪ ಬದಲಿಸತೊಡಗುತ್ತವೆ. ಹವಳ ತನ್ನ ಸುತ್ತಣ ನೀರಿಗೆ ಕರಗಿಸುವ ಅತಿ ಸಣ್ಣ ಅಣುವಿನ ಪದಾರ್ಥವೊಂದು ಮರಿಗೆ ಕರೆಯೋಲೆಯಾಗಿ ಪರಿಣಮಿಸುತ್ತದೆ. ಆ ಕರೆಯನ್ನು ಓದುವ ಅಂಗ ಯಾವುದು? ಮರಿಯ ಎರಡು ರೆಕ್ಕೆಗಳ ನಡುವೆ, ನೆತ್ತಿಯ ಮೇಲೆ, ಕೆಲವೇ ಜೀವಕೋಶಗಳ ಒಂದು ಗುಂಪುಂಟು. 2000ದಲ್ಲಿ ಹ್ಯಾಡ್‌ಫೀಲ್ಡ್ ಮತ್ತು ಸಂಗಡಿಗರು ಆ ಕೋಶಗಳಿಗೆ ಬಣ್ಣವನ್ನು ಹೀರಿಸಿ, ತೀಕ್ಷ್ಣವಾದ ಬೆಳಕನ್ನು ಹಾಯಿಸಿ, ಉಳಿದ ದೇಹಕ್ಕೆ ಅಪಾಯವಾಗದಂತೆ ಅವುಗಳನ್ನು ಮಾತ್ರ ನಾಶಪಡಿಸಿದರು. ಮರಿಗಳು ಬದುಕಿದವು, ಈಜಿದವು, ಆದರೆ ಹವಳದ ನೀರನ್ನು ಸುರಿದಾಗ ಅವುಗಳಲ್ಲಿ ಯಾವ ಬದಲಾವಣೆಯೂ ಕಾಣಿಸಲಿಲ್ಲ. ಮನೆಯ ವಾಸನೆಯನ್ನು ಅರಿಯುವ ಮೂಗು ಅದೇ ಎಂಬುದು ಸ್ಥಿರವಾಯಿತು.

ಆದರೂ ಒಂದು ಸಂದೇಹ ಉಳಿದಿತ್ತು. ಪ್ರಯೋಗಶಾಲೆಯ ಬಟ್ಟಲಿನ ನೀರು ನಿಶ್ಚಲ; ಕಡಲು ಹಾಗಲ್ಲ. ಹವಳದ ದಿಬ್ಬದ ಮೇಲೆ ಹಗಲಿರುಳೂ ಅಲೆ ಹೊಯ್ದಾಡುತ್ತದೆ. ಮರಿಯ ಈಜು ಆ ಅಲೆಯ ಮುಂದೆ ಏನೇನೂ ಅಲ್ಲ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಮಿಮಿ ಕೋಲ್ ಎಂಬ ವಿದುಷಿ ಹ್ಯಾಡ್‌ಫೀಲ್ಡರ ಜೊತೆಗೂಡಿ ಈ ಸಂದೇಹವನ್ನು ಪರೀಕ್ಷೆಗೊಡ್ಡಿದರು. ಅಲೆಗಳನ್ನು ಎಬ್ಬಿಸುವ ಕೃತಕ ಕಾಲುವೆಯಲ್ಲಿ ಬೆರಳುಹವಳದ ಎಲುಬುಗಳನ್ನು ಜೋಡಿಸಿ, ಅವುಗಳಿಂದ ಬಣ್ಣವನ್ನು ಹೊರಡಿಸಿ, ಲೇಸರ್ ಬೆಳಕಿನಲ್ಲಿ ನೋಡಿದಾಗ ಕಂಡುಬಂದುದೇನೆಂದರೆ, ವಾಸನೆ ನೀರಿನಲ್ಲಿ ಸಮನಾಗಿ ಬೆರೆಯುವುದಿಲ್ಲ. ಊದುಬತ್ತಿಯ ಹೊಗೆಯಂತೆ ನವುರಾದ ಎಳೆಗಳಾಗಿ ಸುಳಿಯುತ್ತದೆ. ಈಜುವ ಮರಿ ಒಂದು ಕ್ಷಣ ಆ ಎಳೆಯೊಳಗಿರುತ್ತದೆ, ಮರುಕ್ಷಣ ಹೊರಗೆ.

2004ರಲ್ಲಿ ಪ್ರಕಟವಾದ ಅವರ ಪ್ರಯೋಗದ ಫಲಿತಾಂಶ ಮನೋಹರವಾದುದು. ವಾಸನೆಯ ಎಳೆ ತಾಕಿದೊಡನೆ ಮರಿ ರೋಮಗಳ ಬಡಿತವನ್ನು ನಿಲ್ಲಿಸಿ, ರೆಕ್ಕೆಗಳನ್ನು ಚಿಪ್ಪಿನೊಳಗೆ ಎಳೆದುಕೊಂಡು, ಕಲ್ಲಿನ ಹರಳಿನಂತೆ ಕೆಳಗೆ ಬೀಳುತ್ತದೆ. ಎಳೆಯಿಂದ ಆಚೆ ಹೋದೊಡನೆ ರೆಕ್ಕೆ ಬಿಚ್ಚಿ ಮತ್ತೆ ಈಜುತ್ತದೆ. ಮತ್ತೊಂದು ಎಳೆ ತಾಕಿದರೆ ಮತ್ತೆ ಬೀಳುತ್ತದೆ. ದಿಬ್ಬ ಹತ್ತಿರವಾದಂತೆಲ್ಲ ಎಳೆಗಳು ದಟ್ಟವಾಗುವುದರಿಂದ ಬೀಳುವ ಸರದಿ ಹೆಚ್ಚುತ್ತ, ಕೊನೆಗೆ ಮರಿ ಹವಳದ ಬೆರಳುಗಳ ನಡುವಣ ಆಸರೆಗೆ ಬಂದು ಸೇರುತ್ತದೆ. ಅಲೆಯ ಎದುರು ಈಜಿ ಗೆಲ್ಲಲಾರದ ಜೀವಿ, ತಕ್ಕ ಸಮಯದಲ್ಲಿ ಈಜುವುದನ್ನು ಬಿಟ್ಟು ಗುರಿ ಮುಟ್ಟುತ್ತದೆ.

ಮನೆ ಸೇರಿದ ಮೇಲೆ ವಿಳಂಬವಿಲ್ಲ. ರೆಕ್ಕೆಗಳು ಕಳಚುತ್ತವೆ. ಮೈ ಚಿಪ್ಪಿನಿಂದ ಜಾರಿ ಹೊರಬರುತ್ತದೆ. ಚಿಪ್ಪೂ ಮುಚ್ಚಳವೂ ಬರಿದಾಗಿ ಬಿದ್ದುಹೋಗುತ್ತವೆ. ಸುಮಾರು ಒಂದು ದಿನದೊಳಗೆ ಈಜುಗಾರ ಹೋಗಿ ಹರಿಯುವ ಹುಳು ಉಳಿಯುತ್ತದೆ. ಇದು ಹಿಂದಿರುಗಲಾಗದ ಹೆಜ್ಜೆ. ಕಳಚಿದ ರೆಕ್ಕೆ ಮತ್ತೆ ಮೂಡದು, ತೊರೆದ ಚಿಪ್ಪು ಮತ್ತೆ ಸೇರದು. ತಪ್ಪು ಜಾಗದಲ್ಲಿ ಈ ಹೆಜ್ಜೆಯಿಟ್ಟರೆ ತಿದ್ದಿಕೊಳ್ಳಲು ಇನ್ನೊಂದು ಅವಕಾಶವಿಲ್ಲ. ಆ ಕಾರಣದಿಂದಲೇ ಇರಬೇಕು, ಖಚಿತವಾದ ಕರೆ ಬರುವತನಕ ಮರಿ ತನ್ನ ಬಾಲ್ಯವನ್ನು ಬಿಟ್ಟುಕೊಡುವುದಿಲ್ಲ.

ಕರೆ ಬರದಿದ್ದರೆ? ವಾರಗಟ್ಟಲೆ ಅದು ಕಾಯಬಲ್ಲುದು. ಈ ಕಾಯುವಿಕೆಯ ಬೆಲೆಯೇನೆಂದು ಸೇರಾ ಮಿಲ್ಲರ್ ಮತ್ತು ಹ್ಯಾಡ್‌ಫೀಲ್ಡ್ ಲೆಕ್ಕ ಹಾಕಿ 1990ರಲ್ಲಿ ಪ್ರಕಟಿಸಿದರು. ಬೇಗನೆ ಹವಳ ದೊರೆತ ಹುಳುಗಳನ್ನೂ ತಡವಾಗಿ ದೊರೆತ ಹುಳುಗಳನ್ನೂ ಹೋಲಿಸಿದಾಗ, ರೂಪ ಬದಲಿಸಿದ ಮೇಲಿನ ಆಯುಷ್ಯ ಎರಡಕ್ಕೂ ಒಂದೇ ಸಮನಾಗಿತ್ತು. ಕಾದು ಕಳೆದ ದಿನಗಳು ಅದರ ಮುಪ್ಪಿನ ಲೆಕ್ಕಕ್ಕೆ ಸೇರುವುದೇ ಇಲ್ಲವೆಂದಾಯಿತು. ಮನೆ ಸಿಕ್ಕುವವರೆಗೆ ಅದರ ಗಡಿಯಾರದ ಮುಳ್ಳು ನಿಂತಿರುತ್ತದೆ. ಕಾಯುತ್ತ ಕಾಯುತ್ತ ಕೂದಲು ನರೆಯುವ ಮನುಷ್ಯನಿಗೆ ಇದು ಹೊಟ್ಟೆಕಿಚ್ಚಿನ ವಿಷಯವಲ್ಲವೆ?

ಮನೆ ಬದಲಾದರೆ ಕುಲ ಬದಲು

ಫೆಸ್ಟಿಲ್ಲ ಎಂಬ ಕುಲದಲ್ಲಿ ಹಲವು ಜಾತಿಗಳಿವೆ. ಒಂದೊಂದು ಜಾತಿಗೂ ಒಂದೊಂದು ಬಗೆಯ ಹವಳವೇ ಗತಿ. ಫೆಸ್ಟಿಲ್ಲ ಮೆಲನೋಬ್ರಾಕಿಯ ಎಂಬುದು ಪೊರೈಟಿಸನ್ನು ಮುಟ್ಟುವುದಿಲ್ಲ; ಟ್ಯುಬಾಸ್ಟ್ರಿಯ ಮತ್ತು ಅದರ ಹತ್ತಿರದ ಹವಳಗಳು ಅದರ ಆಹಾರ. ಕಿತ್ತಳೆ ಬಣ್ಣದ ಹವಳವನ್ನು ತಿಂದ ಹುಳು ಕಿತ್ತಳೆ ಬಣ್ಣ ತಳೆಯುತ್ತದೆ. ಕಪ್ಪು ಹಸುರಿನ ಹವಳವನ್ನು ತಿಂದುದು ಕಪ್ಪಾಗುತ್ತದೆ. ಉಂಡ ಅನ್ನವೇ ಮೈಯ ಬಣ್ಣವಾಗಿ, ಮೈಯ ಬಣ್ಣವೇ ಮರೆಯಾಗಿ ಒದಗುವುದು ಇಲ್ಲಿ.

ಗ್ವಾಮ್, ಪಲಾವ್ ಮತ್ತು ಹವಾಯಿ ದ್ವೀಪಗಳಿಂದ ಸಂಗ್ರಹಿಸಿದ ಹುಳುಗಳ ವಂಶಸೂತ್ರಗಳನ್ನು ಹೋಲಿಸಿ ಮೂವರು ವಿಜ್ಞಾನಿಗಳು 2007ರಲ್ಲಿ ಒಂದು ಕುತೂಹಲದ ನಿರ್ಣಯಕ್ಕೆ ಬಂದರು. ಈ ಕುಲದ ವಂಶವೃಕ್ಷದ ಕೊಂಬೆಗಳೂ ಹವಳದ ಜಾತಿಗಳೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಪೊರೈಟಿಸನ್ನು ನಂಬಿದ್ದ ಹಿರಿಯರಿಂದ ಬೇರೆಯಾದ ಕೆಲವು ಸಂತಾನಗಳು ಗೋನಿಯೊಪೋರ, ಟ್ಯುಬಾಸ್ಟ್ರಿಯ ಎಂಬ ಹವಳಗಳನ್ನು ಆಶ್ರಯಿಸಿ, ಕ್ರಮೇಣ ಬೇರೆಯೇ ಜಾತಿಗಳಾಗಿರುವ ಸಂಭವವಿದೆ. ಕಾರಣ ಊಹಿಸುವುದು ಕಷ್ಟವಲ್ಲ. ಈ ಹುಳು ಹುಟ್ಟಿ ಬೆಳೆಯುವುದು, ಸಂಗಾತಿಯನ್ನು ಕೂಡುವುದು, ಮೊಟ್ಟೆಯಿಡುವುದು ಎಲ್ಲವೂ ಒಂದೇ ಹವಳದ ಮೇಲೆ. ಬೇರೆ ಹವಳಕ್ಕೆ ಹೋದವನ ಸಂಬಂಧ ಹಳೆಯ ಮನೆಯವರೊಡನೆ ಕಡಿದಂತೆಯೇ. ಹತ್ತಾರು ಗಜಗಳ ದೂರದಲ್ಲಿದ್ದರೂ ಅವರು ಪರಸ್ಪರ ಪರದೇಶಿಗಳು. ನೆಲದ ಮೇಲಿನ ಕೀಟಗಳು ಆಹಾರದ ಗಿಡ ಬದಲಿಸಿ ಜಾತಿ ಬದಲಿಸಿದ ಉದಾಹರಣೆಗಳು ಹಲವು ತಿಳಿದಿದ್ದವು. ಕಡಲಿನಲ್ಲಿ ಅದಕ್ಕೆ ದೊರೆತ ಮೊದಲ ಸಾಕ್ಷಿಗಳಲ್ಲಿ ಇದೊಂದು.

ಕಾವಲುಗಾರರು

ಇಷ್ಟೆಲ್ಲ ಜಾಣತನವಿದ್ದು, ಸಾವಿರಾರು ಮೊಟ್ಟೆಗಳನ್ನಿಡುವ, ಎರಡು ತಿಂಗಳೊಳಗೆ ಪೀಳಿಗೆ ತಿರುವುವ ಈ ಹುಳು ಕಡಲ ಹವಳವನ್ನೆಲ್ಲ ಎಂದೋ ಉಂಡು ಮುಗಿಸಬೇಕಾಗಿತ್ತು. ಆದರೆ ಹವಾಯಿಯ ದಿಬ್ಬಗಳಲ್ಲಿ ಮುಳುಗಿ ಹುಡುಕುವವರಿಗೆ ಅದು ಸಿಕ್ಕುವುದೇ ಅಪರೂಪ. ಏಕೆ? 1997ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಹವಳದ ಮೇಲೆ ಸುಳಿದಾಡುವ ಮೀನುಗಳೂ ಹವಳದ ಸಂದಿಗಳಲ್ಲಿ ವಾಸಿಸುವ ಏಡಿಗಳೇ ಮೊದಲಾದ ಪ್ರಾಣಿಗಳೂ ಈ ಹುಳುಗಳನ್ನು ತಿಂದು ಅವುಗಳ ಸಂಖ್ಯೆಯನ್ನು ಹತೋಟಿಯಲ್ಲಿಡುತ್ತವೆ. ಹಗಲು ಮೀನಿನ ಕಣ್ಣು. ಸಂದಿಯಲ್ಲಿ ಏಡಿಯ ಕೊಂಡಿ. ವೇಷ ಎಷ್ಟೇ ಚೆನ್ನಾಗಿದ್ದರೂ ಎಲ್ಲರ ಕಣ್ಣಿಗೂ ಮಣ್ಣೆರಚಲಾಗದು. ಹೀಗೆ ಉಳಿದ ನಾಲ್ಕಾರು ಹುಳುಗಳು ತಿಂದ ಗಾಯವನ್ನು ಹವಳ ಸುತ್ತಲಿನ ಜೀವಪದರದಿಂದ ಮತ್ತೆ ಮುಚ್ಚಿಕೊಳ್ಳಬಲ್ಲುದು. ಅತಿಥಿಯ ಮರ್ಯಾದೆ ಅವನ ಸ್ವಭಾವದ ಗುಣವಲ್ಲ, ಕಾವಲುಗಾರರ ಗುಣ.

ಈ ಮಾತಿನ ಸತ್ಯ ತಿಳಿಯಬೇಕಾದರೆ ಕಾವಲಿಲ್ಲದ ಮನೆಯನ್ನು ನೋಡಬೇಕು. ಶ್ರೀಮಂತ ದೇಶಗಳಲ್ಲಿ ಜೀವಂತ ಹವಳವನ್ನು ಗಾಜಿನ ತೊಟ್ಟಿಯಲ್ಲಿ ಬೆಳೆಸಿ ದಿವಾನಖಾನೆಯಲ್ಲಿಡುವ ಹವ್ಯಾಸ ಬೆಳೆದಿದೆ. ತೊಟ್ಟಿಗೆ ಉಪ್ಪುನೀರು, ದೀಪ, ಯಂತ್ರದಿಂದ ಅಲೆ, ಎಲ್ಲವನ್ನೂ ಒದಗಿಸಿ ಕಡಲಿನ ಒಂದು ತುಂಡನ್ನು ಮನೆಯೊಳಗೆ ತಂದಂತೆ ಭಾವಿಸುತ್ತಾರೆ. ಕೊಂಡು ತಂದ ಹವಳದ ತುಂಡಿನ ಅಡಿಯಲ್ಲಿ ಒಂದು ಬಿಳಿಯ ಮೊಟ್ಟೆಯ ಪಟ್ಟಿ ಅಂಟಿಕೊಂಡಿದ್ದರೆ ಆಯಿತು. ಹಿಡಿಯುವ ಮೀನಿಲ್ಲ, ಚಿವುಟುವ ಏಡಿಯಿಲ್ಲ. ಹುಳುಗಳು ಹೆಚ್ಚುತ್ತ, ಹವಳ ಬಿಳುಪಾಗುತ್ತ, ಕೊನೆಗೆ ಎಲುಬು ಮಾತ್ರ ಉಳಿಯುತ್ತದೆ. ಮದ್ದಿನ ನೀರಿನಲ್ಲಿ ಅದ್ದಿ ಹುಳುವನ್ನು ಕೊಂದರೂ ಅಂಟಿನೊಳಗಿನ ಮೊಟ್ಟೆಗಳು ಬದುಕಿ ಮತ್ತೆ ಅದೇ ಕಥೆ ಮೊದಲಾಗುತ್ತದೆ.

ಮೊಂಟಿಪೋರ ಎಂಬ ಹವಳವನ್ನು ತಿನ್ನುವ ಇಂತಹದೊಂದು ಸಣ್ಣ ಬಿಳಿಯ ಹುಳು ಹವ್ಯಾಸಿಗಳನ್ನು ವರ್ಷಗಟ್ಟಲೆ ಕಾಡಿತ್ತು. ತೊಟ್ಟಿಗಳ ಒಡೆಯರೆಲ್ಲರಿಗೂ ಪರಿಚಯವಿದ್ದ ಆ ಪ್ರಾಣಿಗೆ ಶಾಸ್ತ್ರದಲ್ಲಿ ಹೆಸರೇ ಇರಲಿಲ್ಲ! 2020ರಲ್ಲಿ ಹಾಂಗ್‌ಕಾಂಗ್ ವಿಶ್ವವಿದ್ಯಾನಿಲಯದ ಸಂಶೋಧಕರು ಅದನ್ನು ವರ್ಣಿಸಿ, ಅದೂ ಫೆಸ್ಟಿಲ್ಲ ಕುಲದ್ದೇ ಎಂದು ತೋರಿಸಿ, ಫೆಸ್ಟಿಲ್ಲ ಸಬೋಡಿಯೋಸ ಎಂಬ ಹೆಸರನ್ನು ಕೊಟ್ಟರು. ಹೀಗೆ ಒಂದು ಜಾತಿ ಕಡಲಿನ ಜೀವಿಯೆಂದು ವಿದ್ವಾಂಸರ ಪಟ್ಟಿಗೆ ಸೇರುವ ಮೊದಲೇ ಪೀಡೆಯೆಂದು ಪ್ರಸಿದ್ಧವಾಯಿತು. ಅದರ ಬಾಯಿ ತೊಟ್ಟಿಯಲ್ಲಿ ದೊಡ್ಡದಾಗಲಿಲ್ಲ, ಹಸಿವೂ ಹೆಚ್ಚಲಿಲ್ಲ. ಕಡಲನ್ನು ಕೊಂಡು ತಂದವರು ಹವಳವನ್ನು ತಂದರು, ಹವಳದ ವೈರಿಯನ್ನು ತಿಳಿಯದೆ ತಂದರು, ವೈರಿಯ ವೈರಿಯನ್ನು ಮಾತ್ರ ಅಲ್ಲಿಯೇ ಬಿಟ್ಟು ಬಂದರು.

ನಮ್ಮ ದೇಶದಲ್ಲಿ ಕಡಲಿನಿಂದ ಹವಳ ಕೀಳುವುದಕ್ಕೆ ಕಾನೂನಿನ ತಡೆಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಗೆ, ಹುಲಿ ಆನೆಗಳ ಸಾಲಿಗೆ, ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ಸೇರಿಸಲಾಯಿತು. ಲಕ್ಷದ್ವೀಪಕ್ಕೆ ಪ್ರವಾಸ ಹೋದ ಕುಟುಂಬ ದಡದಲ್ಲಿ ಬಿದ್ದ ಹವಳದ ತುಂಡನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಳ್ಳುವ ಮೊದಲು ಈ ಸಂಗತಿಯನ್ನು ನೆನೆದರೆ ಒಳ್ಳೆಯದು.

ಮನೆಯೇ ಇಲ್ಲವಾದರೆ

ಕಡಲಿನ ಫೆಸ್ಟಿಲ್ಲಕ್ಕೆ ಮೀನು ಏಡಿಗಳಿಗಿಂತ ದೊಡ್ಡ ಭಯವೊಂದು ಈಚಿನ ದಶಕಗಳಲ್ಲಿ ಒದಗಿದೆ. ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚಾಗಿ ಕಾದು ಕೆಲವು ವಾರ ಹಾಗೆಯೇ ಉಳಿದರೆ, ಹವಳಕ್ಕೂ ಅದರೊಳಗಿನ ಪಾಚಿಗೂ ಇರುವ ಬಾಡಿಗೆಯ ಕರಾರು ಮುರಿಯುತ್ತದೆ. ಪಾಚಿ ಹೊರಬಿದ್ದು ಹವಳ ಬೆಳ್ಳಗಾಗುತ್ತದೆ. ನೀರು ಬೇಗನೆ ತಣಿಯದಿದ್ದರೆ ಹಸಿದು ಸಾಯುತ್ತದೆ. 1998ರಲ್ಲಿ, 2010ರಲ್ಲಿ, 2014ರಿಂದ 2017ರವರೆಗೆ, ಮತ್ತೆ 2023ರಿಂದ ಮೊದಲಾಗಿ ಜಗತ್ತಿನ ಹವಳದ ದಿಬ್ಬಗಳು ಸಾಮೂಹಿಕವಾಗಿ ಬಿಳುಪೇರಿದವು. ಕನೇಓಹೆ ಕೊಲ್ಲಿ 2014 ಮತ್ತು 2015ರಲ್ಲಿ ಎರಡು ಬೇಸಗೆ ಒಂದರ ಹಿಂದೊಂದು ಈ ಬೇಗೆಯನ್ನು ಉಂಡಿತು. ನಮ್ಮ ಲಕ್ಷದ್ವೀಪದ ಹವಳಗಳು 1998, 2010, 2016, 2024 ಹೀಗೆ ಮೇಲಿಂದ ಮೇಲೆ ಬೆಂದವು.

ಹುಳು ಮಾಡಿದ ಗಾಯ ಅಂಗೈಯಗಲದ್ದು. ಹವಳ ಅದನ್ನು ಮಾಯಿಸಿಕೊಳ್ಳುತ್ತದೆ. ಬೇಗೆ ಮಾಡಿದ ಗಾಯ ಮೈಲಿಗಟ್ಟಲೆಯದು. ಉಂಡ ಮನೆಯನ್ನೇ ಉಣ್ಣುವುದೆಂದು ಒಂದು ಬಡ ಹುಳುವನ್ನು ಬೈಯುವುದಕ್ಕೆ ಮೊದಲು, ಆ ಮನೆಗೆ ಹೊರಗಿನಿಂದ ಬೆಂಕಿಯಿಟ್ಟವರು ಯಾರೆಂಬುದನ್ನೂ ವಿಚಾರಿಸಬೇಕಾದೀತು. ಕಲ್ಲಿದ್ದಲು ಎಣ್ಣೆಗಳನ್ನು ಸುಟ್ಟು ಗಾಳಿಯನ್ನೂ ಕಡಲನ್ನೂ ಕಾಯಿಸಿದವರಿಗೆ ಯಾವ ಮೀನಿನ, ಯಾವ ಏಡಿಯ ಕಾವಲೂ ಇಲ್ಲ.

ಹವಳ ಸತ್ತರೆ ಅದರ ವಾಸನೆಯೂ ಸತ್ತಂತೆ. ಮರಿಯನ್ನು ಕರೆಯುವುದು ಜೀವಂತ ಹವಳವೇ ಹೊರತು ಅದರ ಎಲುಬಲ್ಲ. ಕಾಲು ಮಿಲಿಮೀಟರಿನ ಆ ಮರಿ ಗಾಜಿನ ಚಿಪ್ಪಿನೊಳಗೆ ಕುಳಿತು, ನಿಂತ ಗಡಿಯಾರವನ್ನು ಜೊತೆಗಿಟ್ಟುಕೊಂಡು, ವಾರಗಟ್ಟಲೆ ಕಾಯಬಲ್ಲುದು. ಬೇರೆ ಮನೆಗೆ ಹೋಗಲಾರದು, ಮುಪ್ಪಾಗಿ ಮರೆಯಲೂ ಆರದು. ಕನೇಓಹೆ ಕೊಲ್ಲಿಯ ಬೆರಳುಹವಳಗಳಲ್ಲಿ ಬೇಗೆಯನ್ನು ದಾಟಿ ಚೇತರಿಸಿಕೊಂಡವು ಹಲವುಂಟು. ಅವುಗಳ ಬೆರಳುಗಳ ನಡುವಿನಿಂದ ಊದುಬತ್ತಿಯ ಹೊಗೆಯಂತೆ ನವುರಾದ ಎಳೆಗಳು ಇಂದೂ ನೀರಿಗೆ ಹೊರಟುಬರುತ್ತವೆ. ಅಂಥ ಒಂದೆಳೆ ತಾಕಿದ ಗಳಿಗೆಯಲ್ಲಿ ಮರಿ ರೆಕ್ಕೆ ಮಡಿಸಿ, ಕಣ್ಣಿಗೆ ಕಾಣದ ಆ ಮನೆಯ ಕಡೆಗೆ, ನಂಬಿಕೆಯಿಂದ ಬೀಳುತ್ತದೆ.